ಕಡಿಯೋಕೋ, ಓಡ್ಸೋಕೋ?

ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲ್ ಹಾಕಿಸಿ ಆಯಿಲ್ ಹಾಕೋದು ಮರೆತವನಿಗೆ ಏನನ್ನಬೇಕು? ನಮ್ಮಪ್ಪ ಅಂದದ್ದನ್ನು ಇಲ್ಲಿ ಬರೆಯೋಕಾಗಲ್ಲ. ಅಮ್ಮ ಮಾತ್ರ "ಇಂಜಿನಿಯರಿಂಗ್ ಓದ್ಸಿದ್ದು ದಂಡ ಆಯ್ತು ಬಿಡು" ಅಂದು ಒಳಗೆ ಹೋದಳು.

ಆಗಿದ್ದು ಇಷ್ಟು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿ ಗಾಡಿಗಳವರ ಹಬ್ಬ. ಬೆಂಗಳೂರಲ್ಲಿ ಎಲ್ಲರೂ ಒಂದೆಡೆ ಸೇರಿ, ತಮ್ಮ ಗಾಡಿ ಒರೆಸಿ, ಪಕ್ಕದವನ ಗಾಡಿ ನೋಡಿ ಹೊಟ್ಟೆ ಉರಿಸಿಕೊಂಡು ಮನೆಗೆ ಹೋಗುತ್ತಾರೆ. ನಾನೂ ಮಳವಳ್ಳಿಯಿಂದ ಅಪ್ಪನ ರೋಡ್‌ಕಿಂಗ್ ತಂದಿದ್ದೆ. ಆಫೀಸಿನ ಹುಡುಗರಿಗೆ ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿ ಕಿಕ್ಕರ್ ಮಾಡುವ ಚಮತ್ಕಾರ ತೋರಿಸಿ, ಫೋಟೋ ಹೊಡೆಸಿಕೊಂಡು, ಸಂಜೆ ಊರ ಕಡೆ ಹೊರಟೆ. ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶ ಇಲ್ಲ, ಹಾಗಾಗಿ ಪಕ್ಕದ ಸರ್ವಿಸ್ ರೋಡೇ ಗತಿ. ಮದ್ದೂರಲ್ಲಿ ನಿಲ್ಲಿಸಿ ವಡೆ ತಿಂದೆ. ಗಾಡಿ ರಿಸರ್ವಿಗೆ ಬಂದಿತ್ತು, ಬಂಕಲ್ಲಿ ಆರು ಲೀಟರ್ ತುಂಬಿಸಿದೆ. ಅಷ್ಟರಲ್ಲಿ ಮ್ಯಾನೇಜರ್ ಫೋನ್ ಬಂತು. ಭಾನುವಾರ ಸಂಜೆ! ಮಾತಾಡುತ್ತಲೇ ಕ್ಯಾಪ್ ಹಾಕಿ, ಮಾತು ಮುಗಿಸಿ ಕಿಕ್ ಹೊಡೆದು ಎಡಕ್ಕೆ ತಿರುಗಿ ಮಳವಳ್ಳಿ ರಸ್ತೆ ಹಿಡಿದೆ. ಆಯಿಲ್ ಬಾಟಲಿ ಸೈಡ್ ಬಾಕ್ಸಲ್ಲೇ ಇತ್ತು.

ಗೊತ್ತಿಲ್ಲದವರಿಗೆ: ಈ ಎಂಜಿನ್ನಿಗೆ ಬೇರೆ ಗಾಡಿಗಳ ಹಾಗೆ ಕೆಳಗೆ ಎಣ್ಣೆ ಕೊಳ ಇರುವುದಿಲ್ಲ. ಪೆಟ್ರೋಲಿಗೇ ಲೀಟರಿಗೆ ಮೂವತ್ತು ನಲವತ್ತು ಎಂಎಲ್ ಆಯಿಲ್ ಬೆರೆಸಬೇಕು. ಪಿಸ್ಟನ್ನು, ಕ್ರ್ಯಾಂಕು, ಬೇರಿಂಗು ಎಲ್ಲಕ್ಕೂ ಅದೇ ಊಟ. ಊಟ ನಿಲ್ಲಿಸಿದರೆ ಅಲ್ಯುಮಿನಿಯಂ ಪಿಸ್ಟನ್ ಕಾದು ಹಿಗ್ಗಿ ಬ್ಲಾಕಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಕೆ.ಎಂ. ದೊಡ್ಡಿ ಹತ್ತಿರ ಹತ್ತಿರ ಬರುವಾಗ ಗಾಡಿಗೆ ಏದುಸಿರು ಬಂದ ಹಾಗಾಯ್ತು. ನಾನು ದಡ್ಡ, ಇನ್ನೂ ಥ್ರಾಟಲ್ ತಿರುವಿದೆ. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡಡ್ಡ ಎಳೆದುಕೊಂಡು ಹೋಗಿ ಕಬ್ಬಿನ ಗದ್ದೆ ಬದುವಿಗೆ ನಿಂತಿತು. ನನಗೇನೂ ಆಗಲಿಲ್ಲ. ಅರ್ಧ ಗಂಟೆ ತಣ್ಣಗಾಗಲು ಬಿಟ್ಟು ಮತ್ತೆ ಕಿಕ್ ಹೊಡೆದೆನಲ್ಲ, ಅದು ಎರಡನೇ ತಪ್ಪು. ಹತ್ತಾರು ಸಲ ಒದ್ದ ಮೇಲೆ ಒಳಗೆ ಏನೋ ಕಟಕ್ ಅಂದು ಲಿವರ್ ಸಡಿಲ ಬಿತ್ತು.

ಅಪ್ಪ ರೇಷ್ಮೆ ಇಲಾಖೆಯಲ್ಲಿದ್ದವರು. ಮಳವಳ್ಳಿ ತಾಲ್ಲೂಕಿನ ಹಿಪ್ಪುನೇರಳೆ ತೋಟಗಳನ್ನೆಲ್ಲ ಈ ಗಾಡಿಯಲ್ಲೇ ಸುತ್ತಿದ್ದು. 1985ರಲ್ಲಿ ಸಾಲ ಮಾಡಿ ತಗೊಂಡದ್ದು. ಅದೇ ವರ್ಷ ಆರ್‌ಎಕ್ಸ್ 100 ಬಂತು, ಹೀರೋ ಹೋಂಡಾ ಸಿಡಿ 100 ಬಂತು. "ಎಲ್ರೂ ಜಪಾನ್ ಕಡೆ ತಿರುಗಿದ್ರು, ನಾನು ಮೈಸೂರು ಕಡೆ ತಿರುಗಿದೆ" ಅನ್ನೋದು ಅಪ್ಪನ ಹಳೇ ಜೋಕು. ಮೈಸೂರು ಅಂದರೆ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟನೆ ಮಾಡಿದ್ದು, ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಮೇಲೆ. ಆಮೇಲೆ ಹೆಸರು ಯೆಜ್ಡಿ ಆಯ್ತು. ಮೈಸೂರು, ಮಂಡ್ಯ ಕಡೆ ಪ್ರತಿ ಊರಲ್ಲೂ ಒಂದೆರಡು ಯೆಜ್ಡಿ ಇದ್ದೇ ಇರುತ್ತಿತ್ತು. ಡಬಲ್ ಸೈಲೆನ್ಸರಿನ ಆ ಸದ್ದು ಊರ ಹೆಬ್ಬಾಗಿಲಲ್ಲಿ ಕೇಳಿದರೆ ಮನೆಯಲ್ಲಿ ಅಮ್ಮ ಅನ್ನಕ್ಕೆ ಇಡುತ್ತಿದ್ದಳು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಈಗ 2022ರಿಂದ ಯೆಜ್ಡಿ ಹೆಸರಲ್ಲೇ ಹೊಸ ಬೈಕು ಬರುತ್ತಿವೆ ನಿಜ, ಆದರೆ ಹೆಸರಷ್ಟೇ ಒಂದು, ಅದರ ಒಂದು ನಟ್ಟೂ ಇದಕ್ಕೆ ಕೂರಲ್ಲ.

ಮಳವಳ್ಳಿಯ ನಮ್ಮ ಮೇಸ್ತ್ರಿ ಎಂಜಿನ್ ಬಿಚ್ಚಿ ನೋಡಿ ಒಂದು ಬೀಡಿ ಹಚ್ಚಿದರು. ಅವರು ಬೀಡಿ ಹಚ್ಚಿದರೆ ಖರ್ಚು ಐದಂಕಿ ಅಂತ ಅರ್ಥ.

"ಪಿಸ್ಟನ್ ಸಿಗ್ತದೆ. ಬ್ಲಾಕ್ ಕಷ್ಟ. ನಿಮ್ಮಪ್ಪಾರು ಆಗ್ಲೇ ಎರಡು ಸಲ ಬೋರ್ ಮಾಡ್ಸವ್ರೆ, ಈ ಗೀರು ಹೋಗೋ ಮಟ್ಟಿಗೆ ಇನ್ನೊಂದ್ ಸಲ ಕೊರೆದ್ರೆ ಗೋಡೆ ಹಪ್ಳ ಆಯ್ತದೆ. ಕ್ರ್ಯಾಂಕ್ ರಾಡೂ ಹೋಗೈತೆ. ಕಿಕ್ ಶಾಫ್ಟ್ ನೀನು ಒದ್ದು ಮುರ್ದಿದ್ದೀಯ. ಜೆಸಿ ರೋಡಲ್ಲಿ ಹುಡುಕು, ಸಿಕ್ರೂ ಡೂಪ್ಲಿಕೇಟ್, ಆರು ತಿಂಗಳು ಬಾಳಾಕಿಲ್ಲ."

ಜೆಸಿ ರೋಡಿನಲ್ಲಿ ಎರಡು ಶನಿವಾರ ಅಲೆದೆ. ಮೇಸ್ತ್ರಿ ಹೇಳಿದ್ದು ಸರಿ. ವಾಪಸ್ ಬಂದು ಕೇಳಿದರೆ ಅವರದು ಒಂದೇ ಮಾತು: "ಒಂದ್ ಹೆಣ ಹುಡುಕು."

ಹೆಣ ಅಂದರೆ ಇನ್ನೊಂದು ಯೆಜ್ಡಿ. ಓಡದೇ ಬಿದ್ದಿರೋದು, ಬಿಚ್ಚಿ ಪಾರ್ಟ್ಸ್ ತೆಗೆದುಕೊಳ್ಳೋಕೆ. ಇದರಲ್ಲೂ ಲೆಕ್ಕ ಇದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಸೀಜ್ ಆದದ್ದು ಬೇಡ, ನಮ್ಮದೇ ಕಥೆ ಅದು. ನೀರಲ್ಲಿ ಮುಳುಗಿದ್ದು ಬೇಡ, ಬೇರಿಂಗ್ ಎಲ್ಲ ತುಕ್ಕು. ಬಯಲಲ್ಲಿ ಮಳೆಗೆ ನಿಂತದ್ದು ಬೇಡ. ಬೇಕಾದ್ದು ಮುಂದಿನಿಂದ ಗುದ್ದಿಸಿಕೊಂಡು, ಆವತ್ತಿಂದ ಸೂರಿನಡಿ ನಿಂತ ಗಾಡಿ. ಫೋರ್ಕ್ ಬಗ್ಗಿರುತ್ತೆ, ಹೆಡ್‌ಲೈಟ್ ಹೋಗಿರುತ್ತೆ, ಆದರೆ ಗುದ್ದುವ ಕ್ಷಣದವರೆಗೂ ಎಂಜಿನ್ ಓಡುತ್ತಿತ್ತು ಅನ್ನೋದು ಗ್ಯಾರಂಟಿ. ಎಂಜಿನ್ ಪಕ್ಕದ ಕವರಿನ ಸ್ಕ್ರೂಗಳ ತಲೆ ನೋಡಬೇಕು. ಗೀರಿಲ್ಲದೆ ಇದ್ದರೆ ಯಾರೂ ಕೈ ಹಾಕಿಲ್ಲ ಅಂತ. ಹಾಗೆ ನೋಡಿದರೆ ಅಪಘಾತವಾದ ಗಾಡಿಯೇ ಒಳ್ಳೇ ಗಾಡಿ.

ಮೇಸ್ತ್ರಿಯ ಪರಿಚಯದ ಗುಜರಿಯವರೊಬ್ಬರು ಸುದ್ದಿ ಕೊಟ್ಟರು. ಮದ್ದೂರು ತಾಲ್ಲೂಕು, ಕೊಪ್ಪದ ಕಡೆ ಒಂದು ಹಳ್ಳಿ. ತಾನೇ ಕೇಳಿದ್ದೆ, ಕೆಜಿ ಲೆಕ್ಕಕ್ಕೆ ಕೊಡಲಿಲ್ಲ, ನೀವು ಹೋಗಿ ನೋಡಿ ಅಂದರು.

ಹೋದೆವು. ಕೊಟ್ಟಿಗೆಯಲ್ಲಿ ಎರಡು ಹಸು, ಅದರಾಚೆ ಗೋಣಿ ಚೀಲದಡಿ ಗಾಡಿ, ಸೀಟಿನ ಮೇಲೆ ಕೋಳಿ. ಕೋಳಿ ಕಾವಿಗೆ ಕೂತಿರಲಿಲ್ಲ, ಸುಮ್ಮನೆ ಅದರ ಜಾಗ ಅದು. ಯಜಮಾನರಿಗೆ ಎಪ್ಪತ್ತರ ಮೇಲಿರಬೇಕು, ಎಡಗಾಲು ಸ್ವಲ್ಪ ಎಳೆಯುತ್ತಾರೆ. ಬೆಲ್ಲದ ವ್ಯಾಪಾರ ಮಾಡುತ್ತಿದ್ದವರು. ಆಲೆಮನೆಯಿಂದ ಆಲೆಮನೆಗೆ ಹೋಗಿ ಅಚ್ಚು ನೋಡಿ, ಸ್ಯಾಂಪಲ್ ಕಟ್ಟಿಕೊಂಡು ಮಂಡ್ಯದ ಬೆಲ್ಲದ ಮಾರ್ಕೆಟ್ಟಿಗೆ ಇದೇ ಗಾಡಿಯಲ್ಲಿ ಹೋಗುತ್ತಿದ್ದರಂತೆ. 2011ರಲ್ಲಿ ಒಂದು ರಾತ್ರಿ, ಹಿಂದೆ ಲೈಟೂ ಇಲ್ಲ ರೇಡಿಯಂ ಸ್ಟಿಕ್ಕರೂ ಇಲ್ಲದೆ ರಸ್ತೆಯಲ್ಲೇ ನಿಂತಿದ್ದ ಕಬ್ಬಿನ ಟ್ರೈಲರಿಗೆ ನುಗ್ಗಿದರು. ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿಯೋ ಕಾಲಕ್ಕೆ ಈಗಲೂ ಹೀಗೇ ಸಾಯುತ್ತಾರೆ. ಇವರು ಉಳಿದುಕೊಂಡರು. ಗಾಡಿ ಮನೆಗೆ ಬಂದದ್ದು ಎತ್ತಿನ ಗಾಡಿ ಮೇಲೆ.

ಮೇಸ್ತ್ರಿ ಮಾತಾಡದೆ ಕೂತು ಕೆಲಸ ಶುರು ಮಾಡಿದರು. ಪ್ಲಗ್ ಬಿಚ್ಚಿದರು, ನಾಲ್ಕು ನಟ್ ಬಿಚ್ಚಿ ಹೆಡ್ ಎತ್ತಿದರು. ಪಿಸ್ಟನ್ ತಲೆ ಮೇಲಿನ ಕರಿ ಮಸಿಯನ್ನು ಪೆಟ್ರೋಲ್ ಬಟ್ಟೆಯಲ್ಲಿ ಉಜ್ಜಿ ಅಲ್ಲಿ ಹೊಡೆದಿದ್ದ ಸೈಜು ಓದಿದರು. ಸ್ಟ್ಯಾಂಡರ್ಡ್! ಒಂದು ಸಲವೂ ಬೋರ್ ಮಾಡಿಸಿಲ್ಲ. ಪಿಸ್ಟನ್ನನ್ನು ಬೆರಳಲ್ಲಿ ಅದುಮಿ ಹಿಡಿದು ಕ್ರ್ಯಾಂಕನ್ನು ಹಿಂದೆ ಮುಂದೆ ಆಡಿಸಿದರು. ಪಕ್ಕಕ್ಕೆ ಚೂರು ಆಡಿದರೆ ಆಡಲಿ, ಮೇಲೆ ಕೆಳಗೆ ಕಟಕಟ ಅನ್ನಬಾರದು. ಅನ್ನಲಿಲ್ಲ. ಮೇಸ್ತ್ರಿ ನನ್ನ ಕಡೆ ನೋಡಿ ರೆಪ್ಪೆ ಬಡಿದರು. ಖುಷಿ ತೋರಿಸಬೇಡ ಅಂತ ಅದರರ್ಥ, ರೇಟು ಏರುತ್ತೆ.

ಯಜಮಾನರ ಮೊಮ್ಮಗ ಮೊಬೈಲಲ್ಲಿ ಯಾವುದೋ ಫಳಫಳ ಹೊಳೆಯೋ ಯೆಜ್ಡಿ ತೋರಿಸಿ ನಲವತ್ತು ಸಾವಿರ ಅಂದ. ಗುಜರಿ ಲೆಕ್ಕದಲ್ಲಿ ನೂರ ನಲವತ್ತು ಕೆಜಿ ಕಬ್ಬಿಣಕ್ಕೆ ನಾಲ್ಕು ಸಾವಿರ ಚಿಲ್ಲರೆ. ಈ ಎರಡರ ಮಧ್ಯೆ ಎಳೆದಾಡುತ್ತಿರುವಾಗ ಯಜಮಾನರು ಮೊಮ್ಮಗನನ್ನು ಸುಮ್ಮನಿರಿಸಿ ನನ್ನನ್ನೇ ನೋಡಿ ಕೇಳಿದರು:

"ಅದೆಲ್ಲ ಇರ್ಲಿ ಕನ್ ಮಗ. ಕಡಿಯೋಕ್ ತಗೋತಿದ್ದೀಯೋ, ಓಡ್ಸೋಕೋ?"

ಮೇಸ್ತ್ರಿ ಸ್ಪ್ಯಾನರ್ ಒರೆಸುತ್ತಾ ನೆಲ ನೋಡಿದರು. ನನಗೆ ಆ ಕ್ಷಣದಲ್ಲಿ ಕಂಡದ್ದು ಮುದುಕರೊಬ್ಬರು, ಅವರ ಹಳೇ ಸಂಗಾತಿ, ಅದನ್ನು ಕಡಿಯಲು ಬಂದ ಬೆಂಗಳೂರಿನ ಕಟುಕ. ನಮ್ಮಂಥವರು ಹಳ್ಳಿಗೆ ಹೋದರೆ ಎಲ್ಲದರಲ್ಲೂ ಒಂದು ಸಿನಿಮಾ ಕಾಣುತ್ತೆ.

"ಓಡ್ಸೋಕೇ ಯಜಮಾನ್ರೇ," ಅಂದೆ. "ನೀಟಾಗಿ ರೆಡಿ ಮಾಡ್ಸಿ ಓಡುಸ್ತೀನಿ."

ಅವರ ಮುಖ ಅರಳುತ್ತೆ ಅಂದುಕೊಂಡಿದ್ದೆ. ಅರಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅಂಗಾದ್ರೆ ಹೆಸ್ರು ಬದ್ಲಾಯ್ಸ್ಕೊಂಡೇ ಓಡುಸ್ಬೇಕು" ಅಂದರು. ಹದಿನಾಲ್ಕು ಸಾವಿರಕ್ಕೆ ಮುಗಿಯಿತು. ಆರ್‌ಸಿ ತಂದುಕೊಟ್ಟರು, ಕೆಎ ಸೀರೀಸ್ ಬರುವುದಕ್ಕೂ ಮುಂಚಿನ ನಂಬರು. ವರ್ಗಾವಣೆ ಫಾರಂಗಳಿಗೆ ಸಹಿ ಹಾಕಿದರು. ಛೋಟಾ ಹಾತಿಗೆ ಗಾಡಿ ಏರಿಸುವಾಗ ಅಜ್ಜಿ ಒಳಗಿಂದ ಬಂದು "ಸೀಟ್ ಬುಟ್ಟೋಗಿ, ಕೋಳಿ ಮೊಟ್ಟೆ ಇಕ್ತದೆ" ಅಂದರು. ಸೀಟು ನಮಗೂ ಬೇಕಿರಲಿಲ್ಲ. ಬಿಚ್ಚಿಕೊಟ್ಟೆವು.

ಆ ವಾರವೇ ಗಾಡಿಯ ಕಥೆ ಮುಗಿಯಿತು. ಮೇಸ್ತ್ರಿಗೆ ಒಂದು ಸುಲಭದ ದಾರಿ ಇತ್ತು: ಇಡೀ ಎಂಜಿನ್ ಎತ್ತಿ ಅಪ್ಪನ ಗಾಡಿಗೆ ಕೂರಿಸೋದು, ಅರ್ಧ ದಿನದ ಕೆಲಸ. ಆದರೆ ಎಂಜಿನ್ ನಂಬರು ಹೊಡೆದಿರುವುದು ಕ್ರ್ಯಾಂಕ್‌ಕೇಸಿನ ಮೇಲೆ. ಕೇಸ್ ಬದಲಾದರೆ ನಂಬರ್ ಬದಲಾಗುತ್ತೆ, ಆರ್‌ಟಿಓ ಅನುಮತಿ ತಗೊಂಡು ಆರ್‌ಸಿಯಲ್ಲಿ ಬರೆಸಬೇಕು. ಹಳೇ ಗಾಡಿಗೆ ಐದು ವರ್ಷಕ್ಕೊಮ್ಮೆ ರಿನೀವಲ್ ಇದ್ದೇ ಇರುತ್ತೆ, ಇನ್ಸ್‌ಪೆಕ್ಟರ್ ನಂಬರ್ ನೋಡೇ ನೋಡುತ್ತಾರೆ. "ನಂಬರ್ ಉಜ್ಜಿ ಬೇರೆ ಪಂಚ್ ಮಾಡಿಕೊಡೋರೂ ಅವ್ರೆ," ಅಂದರು ಮೇಸ್ತ್ರಿ, "ನನ್ ಗ್ಯಾರೇಜಲ್ಲಿ ಆ ಕೆಲ್ಸ ಆಗಾಕಿಲ್ಲ." ಹಾಗಾಗಿ ಎರಡೂ ಎಂಜಿನ್ ಪೂರ್ತಿ ಬಿಚ್ಚಿ, ಅಪ್ಪನ ಕೇಸಿನೊಳಕ್ಕೆ ಅವರ ಕ್ರ್ಯಾಂಕು, ಅವರ ಕಿಕ್ ಶಾಫ್ಟು, ಮೇಲೆ ಅವರ ಬ್ಲಾಕು. ಸೀಲುಗಳು ಮಾತ್ರ ಹೊಸವು. ಉಳಿದದ್ದು ನಮ್ಮನೆ ಅಟ್ಟಕ್ಕೆ ಹೋಯ್ತು: ಕಾರ್ಬ್ಯುರೇಟರ್, ಚಕ್ರಗಳು, ನುಜ್ಜುಗುಜ್ಜಾದ ಟ್ಯಾಂಕು, ನಂಬರ್ ಪ್ಲೇಟು. ಫ್ರೇಮನ್ನು ಹಿತ್ತಿಲ ಗೋಡೆಗೆ ಒರಗಿಸಿದೆವು. ಅಮ್ಮ ಅದರ ಮೇಲೆ ಅವರೆ ಬಳ್ಳಿ ಹಬ್ಬಿಸಲು ನೋಡುತ್ತಿದ್ದಳು.

ಫೋನ್ ಶುರುವಾದದ್ದು ಹದಿನೈದನೇ ದಿನಕ್ಕೆ.

"ಮಗಾ, ಹೆಸ್ರು ಆಯ್ತಾ?"

"ಆಗ್ತಾ ಇದೆ ಯಜಮಾನ್ರೇ."

ಮುಂದಿನ ವಾರ ಮತ್ತೆ. ನಾನು ಸ್ಟ್ಯಾಂಡ್‌ಅಪ್ ಮೀಟಿಂಗಲ್ಲಿ ಇರುವಾಗ ಸರಿಯಾಗಿ ಹತ್ತು ಗಂಟೆಗೆ ಬರುತ್ತಿತ್ತು. "ಮಂಡ್ಯಕ್ ಹೋಗಿದ್ಯಾ?" "ಹೋಗ್ತೀನಿ." "ಓಡ್ಸ್ತಾ ಇದ್ದೀಯಾ?" "ಇಲ್ಲ ಇಲ್ಲ, ಇನ್ನೂ ಕೆಲ್ಸ ಐತೆ." ಒಂದು ಸುಳ್ಳಿಗೆ ಮೂರು ಸುಳ್ಳು ಬಡ್ಡಿ. ಹೆಸರು ಬದಲಾಯಿಸೋದಾದರೂ ಹೇಗೆ? ಎಫ್‌ಸಿ ಮುಗಿದು ವರ್ಷಗಳಾಗಿದ್ದವು, ಇನ್ಶೂರೆನ್ಸ್ ಇಲ್ಲ, ತೋರಿಸೋಕೆ ಗಾಡಿಯೇ ಇಲ್ಲ. ಫೋನ್ ಎತ್ತುವುದನ್ನೇ ಬಿಟ್ಟೆ. ಅವರು ಮೊಮ್ಮಗನ ನಂಬರಿಂದ ಮಾಡಿದರು. ಅದನ್ನೂ ಬಿಟ್ಟೆ. ಪಾಪ, ಗಾಡಿ ಹೇಗಿದೆಯೋ ಅಂತ ಹಂಬಲಿಸುತ್ತಿದ್ದಾರೆ ಅಂತಲೇ ನನ್ನ ತಲೆಯಲ್ಲಿ ಓಡುತ್ತಿದ್ದದ್ದು. ಕ್ಲೈಂಟ್ ಮೇಲ್‌ಗೆ ಉತ್ತರ ಕೊಡದೆ ಎರಡು ದಿನ ಇರೋ ಧೈರ್ಯ ನನಗಿಲ್ಲ, ಅವರನ್ನು ಮಾತ್ರ ತಿಂಗಳುಗಟ್ಟಲೆ ಸತಾಯಿಸಿದೆ.

ಕೊನೆಗೆ ಅಪ್ಪನಿಗೆ ಹೇಳಿದೆ. ಅಪ್ಪ ಪೇಪರ್ ಮಡಚಿಟ್ಟು "ಆ ಆರ್‌ಸಿ ಯಾರ ಹೆಸರಲ್ಲಿದೆ ಈಗ?" ಅಂದರು. ಅವರದೇ ಅಂದೆ. "ಅವರಿಗೆ ನಿದ್ದೆ ಹೆಂಗೆ ಬರುತ್ತೆ? ನಾಳೆನೇ ಹೋಗು."

ಭಾನುವಾರ ಬಸ್ಸಲ್ಲಿ ಮದ್ದೂರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅವರ ಮನೆ ಮುಂದೆ ಇಳಿದೆ. ಜಗಲಿ ಮೇಲೆ ಕೂತಿದ್ದವರು ಮಾತಾಡಿಸಲಿಲ್ಲ. ಅಜ್ಜಿ ನೀರು ತಂದಿಟ್ಟರು. ನಾನು ನಿಂತೇ ಹೇಳಿದೆ, ಕಡಿದುಬಿಟ್ಟಿದ್ದೀನಿ, ತಗೊಂಡ ವಾರದಲ್ಲೇ ಕಡಿದೆ, ನಮ್ಮಪ್ಪನ ಗಾಡಿಗೆ ಪಾರ್ಟ್ಸ್ ಬೇಕಿತ್ತು ಅಂತ.

"ಪೂರ್ತಿ ಕಡ್ದ್ಯಾ?"

"ಪೂರ್ತಿ."

"ಫ್ರೇಮು?"

"ಮನೇಲಿದೆ. ಯಾರಿಗೂ ಕೊಟ್ಟಿಲ್ಲ."

ಅವರು ದೊಡ್ಡದಾಗಿ ಉಸಿರು ಬಿಟ್ಟು ಹೆಂಡತಿ ಕಡೆ ತಿರುಗಿ, "ಕೇಳಿದ್ಯಾ? ಕಡ್ದವ್ನಂತೆ" ಅಂದರು. ಆ ದನಿಯಲ್ಲಿ ದುಃಖ ಇರಲಿಲ್ಲ. ಆಮೇಲೆ ನನಗೆ ಬೈದರು. ಚೆನ್ನಾಗಿ ಬೈದರು. ಬೈಗುಳದ ಮಧ್ಯೆ ಕಥೆ ಗೊತ್ತಾಯ್ತು. ಅವರ ಷಡ್ಕ ಒಬ್ಬರು ಹಿಂದೆ ಒಂದು ಸ್ಕೂಟರ್ ಮಾರಿದ್ದರು, ಹೆಸರು ಬದಲಾಯಿಸದೆ, ಬರೀ ಕಾಗದದ ಮೇಲೆ ಬರೆಸಿಕೊಂಡು. ಕೊಂಡವನು ಇನ್ನೊಬ್ಬನಿಗೆ ಮಾರಿದ. ಅವನು ಯಾರಿಗೋ ಗುದ್ದಿದ, ಇನ್ಶೂರೆನ್ಸ್ ಇಲ್ಲ. ಕೋರ್ಟ್ ನೋಟಿಸ್ ಬಂದದ್ದು ಷಡ್ಕನ ಮನೆಗೆ. ಪರಿಹಾರ ಕಟ್ಟಲು ಗದ್ದೆಯ ಒಂದು ಭಾಗ ಹೋಯಿತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಮಾರಿದ್ದೀನಿ ಅಂದರೆ ನಡೆಯಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಯಜಮಾನರಿಗೆ ತೀರ್ಪು ಓದುವ ಅಗತ್ಯ ಇರಲಿಲ್ಲ, ಷಡ್ಕನ ಗದ್ದೆ ದಿನಾ ಕಣ್ಣಿಗೆ ಬೀಳುತ್ತಿತ್ತು.

"ಗುಜರಿಯವ್ನಿಗೆ ಯಾಕ್ ಕೊಡ್ಲಿಲ್ಲ ಗೊತ್ತಾ? ಅವ್ನು ಕಡೀತೀನಿ ಅಂತ ತಕ್ಕೊಂಡ್ ಹೋಗಿ ರಿಪೇರಿ ಮಾಡಿ ಮಾರ್ಬುಟ್ರೆ? ನೀನು ಓದ್ದೋನು, ನಿಜ ಹೇಳ್ತೀಯ ಅಂತ ಕೇಳ್ದೆ. ಕಡಿಯೋಕೆ ಅಂತ ಅವತ್ತೇ ಅಂದಿದ್ರೆ ಹತ್ತು ಸಾವಿರಕ್ಕೇ ಕೊಡ್ತಿದ್ದೆ."

ನಾಲ್ಕು ಸಾವಿರ. ನನ್ನ ಭಾವುಕತೆಯ ರೇಟು.

ಇಂಥದಕ್ಕೆ ಕಾನೂನಲ್ಲಿ ಸರಳ ದಾರಿ ಇದೆ, ಯಾರೂ ಹಿಡಿಯುವುದಿಲ್ಲ ಅಷ್ಟೆ. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಗಾಡಿ ನಾಶವಾದರೆ ಅಥವಾ ಇನ್ನು ಬಳಸಲಾಗದ ಸ್ಥಿತಿಗೆ ಬಂದರೆ ಮಾಲೀಕರು ಹದಿನಾಲ್ಕು ದಿನದಲ್ಲಿ ಅಥವಾ ಸಾಧ್ಯವಾದಷ್ಟು ಬೇಗ ತಿಳಿಸಿ, ಆರ್‌ಸಿ ಒಪ್ಪಿಸಿ, ನೋಂದಣಿ ರದ್ದು ಮಾಡಿಸಬೇಕು. ನಾನು ಒಂದು ದಿನ ರಜೆ ಹಾಕಿದೆ. ಮೇಸ್ತ್ರಿ ಗ್ರೈಂಡರಲ್ಲಿ ಫ್ರೇಮಿನ ಕುತ್ತಿಗೆಯಿಂದ ಚಾಸಿ ನಂಬರಿನ ತುಂಡು ಕತ್ತರಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟರು. ಯಜಮಾನರು ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಮಂಡ್ಯ ಬಸ್ ಸ್ಟ್ಯಾಂಡಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದರು. ಮೊದಲ ಸಲ ಒಂದು ಕಾಗದ ಕಮ್ಮಿ ಇತ್ತು, ಎರಡನೇ ಸಲಕ್ಕೆ ಅರ್ಜಿ ತಗೊಂಡರು. ರದ್ದಾದ ಕಾಗದ ಕೈಗೆ ಬಂದಾಗ ಅದನ್ನು ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಒಳಜೇಬಿಗೆ ಇಟ್ಟು ಮೇಲಿಂದ ಒಂದು ಸಲ ತಟ್ಟಿಕೊಂಡರು.

ಹೋಟೆಲಲ್ಲಿ ಕಾಫಿ ಕುಡಿಯುವಾಗ ನಂಬರ್ ಪ್ಲೇಟ್ ಬೇಕಾ ಅಂತ ಕೇಳಿದೆ, ಬ್ಯಾಗಲ್ಲಿ ತಂದಿದ್ದೆ. ನೆನಪಿಗೆ ಇಟ್ಟುಕೊಳ್ಳುತ್ತಾರೆ ಅಂತ. ನೋಡಿ, ಬುದ್ಧಿ ಇನ್ನೂ ಬಂದಿರಲಿಲ್ಲ. ಅವರು ಅದನ್ನು ತಗೊಂಡು, ಮೇಜಿನ ಅಂಚಿಗೆ ಇಟ್ಟು, ಎರಡೂ ಕೈಯಲ್ಲಿ ಅದುಮಿ ಮಡಚಿ ವಾಪಸ್ ಕೊಟ್ಟರು. "ಇನ್ ಯಾರೂ ಯಾವ್ ಗಾಡಿಗೂ ಹಾಕ್ಕೊಳಾಕಾಗಾಕಿಲ್ಲ."

ಅಪ್ಪನ ಗಾಡಿ ಸ್ಟಾರ್ಟ್ ಆದದ್ದು ದಸರಾ ಕಳೆದ ಮೇಲೆ. ಅಪ್ಪನಿಗೆ ಮಂಡಿ ಆಪರೇಷನ್ ಆಗಿದೆ, ಕಿಕ್ ಹೊಡೆಯೋ ಹಾಗಿಲ್ಲ. ನಾನು ಹೊಡೆದೆ, ಅವರು ಸ್ಟೂಲ್ ಮೇಲೆ ಕೂತು ಥ್ರಾಟಲ್ ಹಿಡಿದುಕೊಂಡಿದ್ದರು. ನಾಲ್ಕನೇ ಒದೆತಕ್ಕೆ ಹತ್ತಿತು. ಅಮ್ಮ ಒಳಗಿಂದ "ಅನ್ನಕ್ಕಿಡ್ಲಾ?" ಅಂತ ಕೂಗಿದಳು.

ಎಂಜಿನ್ ಹೊಸದಾಗಿ ಕೂಡಿಸಿದ ಮೇಲೆ ಐನೂರು ಕಿಲೋಮೀಟರ್ ನಿಧಾನಕ್ಕೆ ಓಡಿಸಬೇಕು ಅಂದಿದ್ದರು ಮೇಸ್ತ್ರಿ. ಆ ನೆಪದಲ್ಲಿ ಶನಿವಾರ, ಭಾನುವಾರ ಎಲ್ಲ ಮಂಡ್ಯ ಜಿಲ್ಲೆ ಸುತ್ತಿದೆ. ಒಂದು ದಿನ ದೊಡ್ಡಿ ಮೇಲೆ ಮದ್ದೂರಿಗೆ ಬಂದವನು ಕೊಪ್ಪದ ಕಡೆ ತಿರುಗಿಸಿದೆ. ಊರೊಳಕ್ಕೆ ಬರುತ್ತಿದ್ದ ಹಾಗೆ ಹುಡುಗರು ಹಿಂದೆ ಓಡಿಬಂದರು. ಕೊಟ್ಟಿಗೆ ಮೂಲೆಯಲ್ಲಿ ಸೀಟು ನೆಲದ ಮೇಲಿತ್ತು, ಅದರ ಮೇಲೆ ಕೋಳಿ.

ಅಜ್ಜಿ ಗಾಡಿಯ ಸುತ್ತ ಒಂದು ಸುತ್ತು ಬಂದು, "ನನ್ನ ಆ ಗಾಡೀಲಿ ಕೂರುಸ್ಕಂಡ್ ಹೋಗಿದ್ದು ಒಂದೇ ಸಲ, ಮುತ್ತತ್ತಿಗೆ. ಬರೋವಾಗ ಪಂಚರ್ರು. ನಡ್ಕಂಡ್ ಬಂದೆ" ಅಂದರು. ಒಂದು ರೌಂಡ್ ಬನ್ನಿ ಅಜ್ಜಿ ಅಂದೆ. "ಸೊಂಟ ಹೋಯ್ತದೆ ಬುಡಪ್ಪ."

ಯಜಮಾನರು ಹತ್ತಿರ ಬಂದು ಬ್ಲಾಕಿನ ಮೇಲೆ ಕೈ ಇಡಲು ಹೋಗಿ, ಬಿಸಿ ತಾಕಿ ಹಿಂದಕ್ಕೆ ತೆಗೆದರು. "ಇದೇಯಾ ನಮ್ದು?" ಇದೇ, ಇದರೊಳಗಿನ ಕ್ರ್ಯಾಂಕೂ ನಿಮ್ಮದೇ ಅಂದೆ. ಸ್ಟಾರ್ಟ್ ಮಾಡು ಅಂದರು. ಮಾಡಿದೆ. ತಲೆ ಬಗ್ಗಿಸಿ ಸ್ವಲ್ಪ ಹೊತ್ತು ಕೇಳಿದರು. ಹಿಂದಕ್ಕೆ ಹೋಗಿ, ಎರಡು ಸೈಲೆನ್ಸರುಗಳಿಂದ ಬರುತ್ತಿದ್ದ ನೀಲಿ ಹೊಗೆಯನ್ನು ನೋಡಿದರು. ಹೊಗೆ ಕೊಟ್ಟಿಗೆಯೊಳಕ್ಕೆ ನುಗ್ಗಿ ಹಸುಗಳು ಎದ್ದು ನಿಂತಿದ್ದವು. ಕೈ ಎತ್ತಿ ಆಫ್ ಮಾಡಲು ಹೇಳಿದರು.

"ಲೀಟ್ರಿಗೆ ಎಷ್ಟ್ ಹಾಕ್ತಿದ್ದೀಯ?"

ಅರವತ್ತು ಎಂಎಲ್ ಅಂದೆ.

"ಜಾಸ್ತಿ ಆಯ್ತು."